ಮೂರನೇ ಊಹೆ

ಕತ್ತರಿಯ ಬಾಯಿಗೆ ರಟ್ಟು ಸಿಕ್ಕಿತ್ತು, ತೇಜಶ್ರೀಯ ಕೈ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಹೊರಗೆ ಸೂರ್ಯನಿಗೆ ಆಗಲೇ ಗ್ರಹಣ ಹಿಡಿದಿತ್ತು. ಕಗ್ಗದಾಸಪುರದ ಆ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಮನೆಯವರ ಕಣ್ಣು ತಪ್ಪಿಸಿಯೋ ಕಾಡಿಬೇಡಿಯೋ ಬಂದ ಮಕ್ಕಳು ಮಾತ್ರ ಖಾಲಿ ಚಪ್ಪಲಿ ಡಬ್ಬ ತಬ್ಬಿಕೊಂಡು, ಮಿಸ್ ಯಾವಾಗ ಅದಕ್ಕೆ ಕಿಂಡಿ ಕತ್ತರಿಸಿಕೊಡುತ್ತಾರೋ, ಸೂರ್ಯನ ಬಿಂಬ ಯಾವಾಗ ಅದರೊಳಗೆ ಬೀಳುತ್ತದೋ ಎಂದು ಕಾಯುತ್ತಿದ್ದರು. ಮಿಸ್ ಐದು ತಿಂಗಳ ಬಸುರಿ. ಊರಲ್ಲಿರುವ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಆರು ವರ್ಷಕ್ಕೆ ನಿಂತ ಬಸಿರು.

ವಾರವಿಡೀ ಅವಳು ಎಲ್ಲ ಪಾಠದೊಳಗೂ ಆಕಾಶವನ್ನೇ ತೂರಿಸಿದ್ದಳು. ಗಣಿತದಲ್ಲಿ ಭಿನ್ನರಾಶಿ ಎಂದರೆ ಚಂದ್ರ ಮುಚ್ಚಿದ ಸೂರ್ಯನ ಪಾಲು. ಕನ್ನಡದಲ್ಲಿ ಸೂರ್ಯನಿಗೊಂದು ಕಾಗದ. ಆಟದ ಪೀರಿಯಡ್ಡಿನಲ್ಲಿ ಮೂವರನ್ನು ಸಾಲಾಗಿ ನಿಲ್ಲಿಸಿ ಒಬ್ಬರಿಗೊಬ್ಬರು ಅಡ್ಡ ಬರುವುದು. ಬರೀ ನೆರಳು ಕಣ್ರೋ, ನೆರಳು ಯಾರನ್ನೂ ಕಚ್ಚಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿದ್ದಳು. ಹೇಳುವುದಕ್ಕೇನು, ಗ್ರಹಣ ಇನ್ನೂ ಬಾರದಿರುವಾಗ ಎಲ್ಲರೂ ಧೈರ್ಯವಂತರೇ.

ಹಿಂದಿನ ದಿನ ಬೋರ್ಡಿನ ಮೇಲೆ ಎರಡು ಅಂಕಣ ಎಳೆದಿದ್ದಳು. ಎಡಕ್ಕೆ 'ಊಹೆ', ಬಲಕ್ಕೆ 'ಕಂಡದ್ದು'. ಮನೆಯಲ್ಲಿ ಹೇಳುವುದನ್ನೆಲ್ಲ ಎಡಕ್ಕೆ ಬರೆಯಬಹುದು. ಬಲಕ್ಕೆ ಮಾತ್ರ ಸ್ವಂತ ಕಣ್ಣಿಂದ ನೋಡದೆ ಒಂದಕ್ಷರವೂ ಬರೆಯಬಾರದು. ಗ್ರಹಣದ ಹೊತ್ತಲ್ಲಿ ಅನ್ನ ವಿಷವಾಗುತ್ತದೆ ಎಂದ ಒಬ್ಬ. ಒನಕೆ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ ಎಂದಳು ಇನ್ನೊಬ್ಬಳು. ಮೂರನೆಯದು ಮುಂದಿನ ಬೆಂಚಿನ ನಿಖಿತಾಳದು: ಬಸುರಿ ಕತ್ತರಿ ಹಿಡಿದರೆ ಮಗುವಿನ ತುಟಿ ಸೀಳುತ್ತದೆ. ಅವಳ ತಾಯಿ ಭಾಗ್ಯಲಕ್ಷ್ಮಿಯೂ ತುಂಬಿದ ಬಸುರಿ. ಇವತ್ತು ಬೆಳಗಿನಿಂದ ಕಿಟಕಿಗೆ ಕಂಬಳಿ ಹೊದಿಸಿ ಒಳಗೆ ಕೂತಿದ್ದಳಂತೆ.

ಅದನ್ನು ನಗುನಗುತ್ತಲೇ ಬೋರ್ಡಿಗೆ ಬರೆದ ತೇಜಶ್ರೀ, ತನ್ನ ಗಂಡ ಮುನಿರಾಜನ ಮೇಲ್ದುಟಿಯ ಹೊಲಿಗೆ ಗುರುತಿನ ವಿಷಯ ಮಕ್ಕಳಿಗೆ ಹೇಳಿರಲಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಸೊಪ್ಪು ಹೆಚ್ಚಿದ್ದಕ್ಕೇ ತುಟಿ ಸೀಳಿಕೊಂಡು ಹುಟ್ಟಿದ ಎಂದು ಅತ್ತೆ ಅಂಜಿನಮ್ಮ ಇವತ್ತಿಗೂ ಕೊರಗುತ್ತಾಳೆ. ಇದು ವಂಶದಲ್ಲಿ ಬಂದರೂ ಬರಬಹುದು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ತೇಜಶ್ರೀಗೆ ಹೆದರಿಕೆ ಹುಟ್ಟಿದ್ದೇ ಅಲ್ಲಿ. ಬಂದರೂ ಬರಬಹುದು! ಮುಂದಿನ ವಾರ ಸ್ಕ್ಯಾನಿಂಗ್ ಇತ್ತು. ಬಂದಿದ್ದೇ ಆದರೆ ವಂಶದ ಮಾತು ಯಾರಿಗೆ ಬೇಕು, ಎಲ್ಲವೂ ಇವತ್ತಿನ ಕತ್ತರಿಯ ತಲೆಗೇ ಬರುತ್ತದೆ. ಬೇರೆಯವರು ಹಾಗಿರಲಿ, ಅವಳೇ ತನ್ನನ್ನು ತಾನು ಬಿಡುತ್ತಾಳೆಯೇ?

ಬೆಳಿಗ್ಗೆ ಅಂಜಿನಮ್ಮ ಜಗಳವಾಡಿದ್ದರೆ ಚೆನ್ನಾಗಿತ್ತು, ಎದುರು ಮಾತಾಡಿ ಬರಬಹುದಿತ್ತು. ಆಕೆ ಸೊಸೆಯ ಚಪ್ಪಲಿಯನ್ನು ಕಾಲಿನ ಬಳಿಗೆ ಸರಿಸಿಟ್ಟು ಇಷ್ಟೇ ಅಂದಿದ್ದಳು: "ಹೋಗ್ಬೇಡ ಅನ್ನಲ್ಲ ಕಣಮ್ಮ. ನಾನು ಇಷ್ಟು ವರ್ಷ ಅವನ ಮುಖ ನೋಡ್ಕಂಡೇ ಅನ್ನ ತಿಂದಿದೀನಿ. ನಿಂಗೆ ಆ ಗತಿ ಬರೋದು ಬ್ಯಾಡ."

ಕತ್ತರಿ ಮುಂದಕ್ಕೆ ಹೋಗದಿರುವುದು ಮೇಜಿನ ಪಕ್ಕ ಬಂದು ನಿಂತ ನಿಖಿತಾಳಿಗೆ ಕಂಡುಬಿಟ್ಟಿತು. ಹುಡುಗಿ ದನಿ ತಗ್ಗಿಸಿದಳು.

"ಕೊಡಿ ಮಿಸ್, ನಾನ್ ಕತ್ತರಿಸ್ತೀನಿ. ಯಾರಿಗೂ ಹೇಳಲ್ಲ."

ಕೊಟ್ಟುಬಿಡು ಎಂದಿತು ತೇಜಶ್ರೀಯ ಮನಸ್ಸು. ಕೊಟ್ಟರೆ ವಾರವಿಡೀ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಅದೂ ಒಂದು ಮಗು ಗುಟ್ಟು ಕಾಪಾಡುವಂಥ ಸುಳ್ಳು. ಅವಳು ತುಟಿ ಕಚ್ಚಿಕೊಂಡು ಕತ್ತರಿಸಿದಳು. ಒಂದು ಡಬ್ಬ, ಇನ್ನೊಂದು, ಮತ್ತೊಂದು. ಪ್ರತಿ ಸಲ ಕರಕ್ ಎಂದಾಗಲೂ ಗಮನ ಹೊಟ್ಟೆಯ ಕಡೆಗೇ ಹೋಯಿತು. ಅಯ್ಯೋ, ಮಗು ಸುಮ್ಮನಿದೆಯಲ್ಲ ಎನಿಸಿತು. ಆಮೇಲೆ, ಈ ಹೊತ್ತಿನಲ್ಲಿ ಅದು ಯಾವಾಗಲೂ ಸುಮ್ಮನೇ ಇರುತ್ತದೆ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಮಕ್ಕಳು ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತು ಡಬ್ಬದೊಳಗೆ ಇಣುಕಿದರು. ಬಿಸಿಲು ಮಂಕಾಗಿ, ಬೀದಿಯಲ್ಲಿ ಒಂದು ಆಟೋ ಕೂಡ ಇರಲಿಲ್ಲ. ಹೊಂಗೆ ಮರದ ಎಲೆಗಳ ಸಂದಿಯಿಂದ ನೆಲದ ತುಂಬ ಕುಡುಗೋಲಿನಂಥ ಪುಟ್ಟ ಪುಟ್ಟ ಸೂರ್ಯರು ಬಿದ್ದಿದ್ದರು. ಹಾಗೆಯೇ ಬೀಳಬೇಕು, ಅವಳೇ ಪಾಠ ಮಾಡಿದ್ದಳು. ಅವು ತನ್ನ ಹೊಟ್ಟೆಯ ಮೇಲೂ ಬಿದ್ದಿರುವುದನ್ನು ನೋಡಿ ಥಟ್ಟನೆ ಸೆರಗು ಎಳೆದುಕೊಂಡಳು. ಆಮೇಲೆ ಯಾರಾದರೂ ನೋಡಿದರೇನೋ ಎಂದು ನಾಚಿದಳು. ನಿಖಿತಾ ನೋಡಿದ್ದಳು.

ಗ್ರಹಣ ಬಿಟ್ಟ ಮೇಲೆ ಎಲ್ಲರೂ ಒಳಗೆ ಬಂದು ಬೋರ್ಡಿನ ಮುಂದೆ ನೆರೆದರು. ಗ್ರಹಣದ ನಡುವೆಯೇ ಚಿತ್ರಾನ್ನದ ಡಬ್ಬಿ ಖಾಲಿ ಮಾಡಿದವನು 'ಏನೂ ಆಗಲಿಲ್ಲ' ಎಂದು ಬರೆದ. ಅಡುಗೆ ಕೋಣೆಯಿಂದ ಒನಕೆ ತಂದಿದ್ದವಳು 'ಗ್ರಹಣ ಬಿಟ್ಟ ಮೇಲೂ ನಿಂತಿತು' ಎಂದು ಬರೆದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೂರನೆಯದಕ್ಕೆ ತೇಜಶ್ರೀ ತಾನೇ ಅವಸರವಾಗಿ ಚಾಕ್‌ಪೀಸು ಎತ್ತಿಕೊಂಡು, 'ಸುಳ್ಳು' ಎಂದು ಬರೆಯಹೊರಟಳು.

"ಮಿಸ್, ನೋಡ್ದೆ ಬರೀಬಾರ್ದು ಅಂದಿದ್ರಿ," ಎಂದಳು ನಿಖಿತಾ.

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ಪಾಠ ಚೆನ್ನಾಗಿ ಕಲಿತ ಮಗುವಿನ ಶ್ರದ್ಧೆಯಿತ್ತು. ತೇಜಶ್ರೀಯ ಕೈ ಅರ್ಧದಲ್ಲೇ ನಿಂತಿತು.

"ನಿಮ್ ಪಾಪು ಹುಟ್ಲಿ ಮಿಸ್. ಎಲ್ರೂ ಬಂದು ನೋಡ್ತೀವಿ. ನಮ್ಮಮ್ಮನ್ನೂ ಕರ್ಕೊಂಡ್ ಬರ್ತೀನಿ. ಆಮೇಲ್ ಬರೆಯೋಣ."

ಮಕ್ಕಳೆಲ್ಲ ಹೂಂಗುಟ್ಟಿದರು. ನಿಖಿತಾ ಮಿಸ್ಸಿನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು, ತುದಿಗಾಲಲ್ಲಿ ನಿಂತು, ಆ ಖಾಲಿ ಜಾಗದ ಸುತ್ತ ಒಂದು ಚೌಕ ಎಳೆದಳು. ಅದರ ಕೆಳಗೆ ದುಂಡಗೆ ಬರೆದಳು: ಅಳಿಸಬೇಡಿ.