ಬರೀ ಲೈಟು

ಫೆಲಿಕ್ಸ್ ಗುಂಡಿ ಒತ್ತಿದ. ಕ್ಯಾಮೆರಾ ಗುರ್ ಎಂದು ಸದ್ದು ಮಾಡಿ ಒಂದು ಬಿಳಿ ಕಾರ್ಡನ್ನು ಹೊರಗೆ ಉಗುಳಿತು. ನೋಡನೋಡುತ್ತಿದ್ದಂತೆ ಅದರಲ್ಲಿ ಮೊದಲು ಅಂಗಳದ ಹಸಿರು, ಆಮೇಲೆ ಹೆಲನ್‌ಳ ಸೀರೆ, ಕೊನೆಗೆ ಅವಳ ಗಂಡ ವಿನ್ಸೆಂಟ್ ಹಿಡಿದಿದ್ದ ಮೆಕ್ಕೆಜೋಳದ ತೆನೆ ಮೂಡಿದವು. ಅವತ್ತು ಮೊಂತಿ ಹಬ್ಬ, ಮೇರಿಯಮ್ಮನ ಹೆಸರಿನಲ್ಲಿ ಹೊಸ ತೆನೆಯನ್ನು ಮನೆಗೆ ತರುವ ದಿನ. ಮಂಗಳೂರಿನಲ್ಲಾದರೆ ಭತ್ತದ ತೆನೆ. ನೈರೋಬಿಯ ಇಗರ್ಜಿಯಲ್ಲಿ ಪಾದ್ರಿಗಳು ಜೋಳದ ತೆನೆಯನ್ನೇ ಆಶೀರ್ವದಿಸಿ ಕೊಡುತ್ತಿದ್ದರು.

“ಫಿಲ್ಮು ತೊಳೆಯಲಿಕ್ಕೆ ಕೊಡುವುದೇ ಬೇಡವಾ ಮಾರಾಯ?” ಹೆಲನ್ ಕೇಳಿದಳು.

“ಅಮೆರಿಕದವರು ಮಾಡಿದ್ದಲ್ವಾ ಅಕ್ಕ? ಅವರಿಗೆ ಕಾಯಲಿಕ್ಕೆ ಪುರುಸೊತ್ತೇ ಇಲ್ಲ,” ಎಂದ ಷಿಕಾಗೋದಿಂದ ರಜೆಗೆ ಬಂದಿದ್ದ ಅವಳ ತಮ್ಮ ಫೆಲಿಕ್ಸ್. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಜೋಸೆಫ್ ಅವನ ಕಣ್ಣಿಗೆ ಬಿದ್ದ. ಈ ಮನೆಯಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿಕೊಂಡಿದ್ದ ಕೀನ್ಯಾದ ಲುವೋ ಜನಾಂಗದ ಆಳು. “ಬಾ ಜೋಸೆಫ್, ನಿನ್ನದೂ ಒಂದು ಆಗಲಿ.”

“ಫೆಲಿಕ್ಸ್, ಬರೀ ಲೈಟು ಸಾಕು,” ಎಂದಳು ಹೆಲನ್. ಯೋಚಿಸಿ ಆಡಿದ ಮಾತಲ್ಲ, ರೂಢಿ.

ವಿನ್ಸೆಂಟನ ಹಳೆಯ ಕ್ಯಾಮೆರಾದ ತಲೆಯ ಮೇಲೆ ಬೇರೆಯಾಗಿ ಸಿಕ್ಕಿಸುವ ಫ್ಲ್ಯಾಶ್ ಇತ್ತು. ಅದರ ಹಿಂದಿನ ಪುಟ್ಟ ಗುಂಡಿ ಒತ್ತಿದರೆ ಬೆಳಕು ಮಾತ್ರ ಚಿಮ್ಮುತ್ತಿತ್ತು, ಫಿಲ್ಮು ಖರ್ಚಾಗುತ್ತಿರಲಿಲ್ಲ. ಕೆಲಸದವರು ಫೋಟೊ ಕೇಳಿದಾಗಲೆಲ್ಲ ಹೆಲನ್, ಅವರಿಗೆ ತಿಳಿಯದೆಂದುಕೊಂಡು, ಮನೆಮಾತಿನಲ್ಲಿ ‘ಬರೀ ಲೈಟು’ ಅನ್ನುವಳು. ವಿನ್ಸೆಂಟ್ ಒಂದು ಕಣ್ಣು ಮುಚ್ಚಿ, ‘ನಗು, ನಗು’ ಎಂದು ಹುರಿದುಂಬಿಸಿ, ಬೆಳಕು ಬಿಡುವನು. ಆಮೇಲೆ ಕೇಳಿದರೆ ಸ್ಟುಡಿಯೊದವರು ಹಾಳುಮಾಡಿದರು ಎಂದರೆ ಮುಗಿಯಿತು. ಅವರಿದ್ದ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಪರಿಚಯದ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತಿತ್ತು. ಯಾರಿಗೂ ಅದು ಸುಳ್ಳು ಅನ್ನಿಸಿರಲಿಲ್ಲ.

“ಇದರಲ್ಲಿ ಲೈಟೊಂದೇ ಬಿಡಲಿಕ್ಕೆ ಆಗುವುದಿಲ್ಲ ಅಕ್ಕ. ಒತ್ತಿದರೆ ಬಂದೇ ಬರ್ತದೆ,” ಎಂದು, ಆ ರೂಢಿ ತಿಳಿಯದ ಫೆಲಿಕ್ಸ್ ನಗುತ್ತ ಒತ್ತಿಯೇ ಬಿಟ್ಟ.

ಜೋಸೆಫ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ತನ್ನ ಮುಖ ಪೂರ್ತಿ ಬರುವ ತನಕ ಅದರಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಫೆಲಿಕ್ಸನಿಗೆ ಸ್ವಾಹಿಲಿಯಲ್ಲಿ “ಅಸಾಂಟೆ” ಎಂದು ಕೃತಜ್ಞತೆ ಹೇಳಿ, ಯಜಮಾನ ವಿನ್ಸೆಂಟನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ.

“ಬ್ವಾನಾ, ಅಚಿಯೆಂಗಳದ್ದು ಒಂದು ತೆಗೆದಿದ್ರಿ. ಸ್ಟುಡಿಯೊದವರು ಹಾಳುಮಾಡಿದರು ಅಂದಿರಿ. ಅದರ ನೆಗೆಟಿವ್ ಆದರೂ ಇರಬಹುದಲ್ವಾ? ರಿವರ್ ರೋಡಿನಲ್ಲಿ ಒಬ್ಬ ಫೋಟೊದವನಿದ್ದಾನೆ. ಹಾಳಾದದ್ದನ್ನೂ ಏನಾದರೂ ಮಾಡಿ ತೆಗೆದುಕೊಡ್ತಾನಂತೆ.”

“ಅಚಿಯೆಂಗ್ ಯಾರು?” ಫೆಲಿಕ್ಸ್ ಕೇಳಿದ.

“ನನ್ನ ಮಗಳು. ದಡಾರದಲ್ಲಿ ಹೋದಳು. ಅವಳದ್ದು ಬೇರೆ ಫೋಟೊ ಇಲ್ಲ.”

“ಅಯ್ಯೋ. ಭಾವ, ನೆಗೆಟಿವ್ ಹುಡುಕಿ ನನಗೆ ಕೊಡಿ. ಷಿಕಾಗೋದಲ್ಲಿ ಎಂತೆಂಥದ್ದನ್ನೋ ಸರಿಮಾಡ್ತಾರೆ.”

“ನೋಡ್ತೇನೆ,” ಎಂದು ವಿನ್ಸೆಂಟ್ ಒಳಗೆ ನಡೆದ.

ಆಲ್ಬಮ್ಮುಗಳಿದ್ದ ಡ್ರಾಯರ್ ಎಳೆದು ಅದರ ಮುಂದೆ ಸುಮ್ಮನೆ ನಿಂತ. ಹುಡುಕಲು ಏನಿತ್ತು? ಈಸ್ಟರಿಗೆ ಹೊಲಿಸಿದ ಹಳದಿ ಫ್ರಾಕಿನಲ್ಲಿ ಆ ಹುಡುಗಿ ಇದೇ ಅಂಗಳದಲ್ಲಿ ನಿಂತಿದ್ದಳು. ಅಲ್ಲಾಡಿದರೆ ಫೋಟೊ ಕೆಡುತ್ತದೆಂದು ಅಪ್ಪ ಹೇಳಿಕೊಟ್ಟಿದ್ದನೇನೋ, ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು ಉಸಿರು ಕಟ್ಟಿದ್ದಳು. ವಿನ್ಸೆಂಟ್ ಅವಳ ಗಲ್ಲ ಹಿಡಿದು ಮುಖವನ್ನು ತುಸು ಎತ್ತಿಯೂ ಇದ್ದ. ‘ನಗು, ನಗು’ ಅಂದಿದ್ದ. ಅವಳು ನಕ್ಕಿದ್ದಳು. ಆ ದಿನ ಕ್ಯಾಮೆರಾದಲ್ಲಿ ಫಿಲ್ಮು ಇತ್ತು. ಉಳಿದದ್ದನ್ನು ಸಂಜೆ ನಾಯಿಮರಿಗಳ ಮೇಲೆ ಮುಗಿಸಿದ್ದರು. ಆ ಮರಿಗಳು ಆಲ್ಬಮ್ಮಿನಲ್ಲಿ ಈಗಲೂ ಇದ್ದವು.

ಹೆಲನ್ ಹಿಂದೆಯೇ ಬಂದಳು. “ಸಿಗಲಿಲ್ಲ ಅಂತ ಹೇಳಿ, ಮುಗೀತು.”

“ಇರಲೇ ಇಲ್ಲವಲ್ಲ ಹೆಲನ್.”

“ಅದನ್ನು ಹೇಳ್ತೀರಾ ಈಗ? ಹಬ್ಬದ ದಿವಸ? ಫೆಲಿಕ್ಸನ ಎದುರು?” ಹೆಲನ್ ಅಂಗಳದ ಕಡೆ ನೋಡಿದಳು. “ಆ ಮಗು ಸಾಯ್ತದೆ ಅಂತ ನಮಗೆ ಗೊತ್ತಿತ್ತಾ?”

ವಿನ್ಸೆಂಟ್ ಡ್ರಾಯರ್ ಮುಚ್ಚಿದ. ಹೇಳಿಬಿಡಬೇಕು ಎಂದುಕೊಂಡೇ ಮೆಟ್ಟಿಲಿಳಿದ.

“ಸಿಕ್ಕಿತಾ ಭಾವ?”

“ಇಲ್ಲ.” ವಿನ್ಸೆಂಟ್ ಜೋಸೆಫನ ಕಡೆ ನೋಡಿ ಕಣ್ಣು ತಪ್ಪಿಸಿದ. “ಎಲ್ಲಿಟ್ಟಿದ್ದೇನೋ. ಇನ್ನೊಮ್ಮೆ ನೋಡಬೇಕು.”

ಜೋಸೆಫ್ ತಲೆಯಾಡಿಸಿದ. ಅವನ ಅಂಗಿಯ ಜೇಬಿನಿಂದ ಹೊಸ ಫೋಟೊದ ಬಿಳಿ ಅಂಚು ಇಣುಕುತ್ತಿತ್ತು. ಕ್ಯಾಮೆರಾ ಆಗಲೇ ಅವನ ಕೈಯಲ್ಲಿತ್ತು. ಎಲ್ಲಿ ಒತ್ತಬೇಕೆಂದು ಫೆಲಿಕ್ಸ್ ತೋರಿಸಿಕೊಟ್ಟಿದ್ದ.

“ಬನ್ನಿ ಬನ್ನಿ, ನಾವು ಮೂರೂ ಜನ ಒಟ್ಟಿಗೆ ಇರುವುದು ಒಂದು ಬೇಕು. ಜೋಸೆಫ್ ತೆಗೀತಾನೆ.” ಫೆಲಿಕ್ಸ್ ಅಕ್ಕನನ್ನೂ ಭಾವನನ್ನೂ ಎಳೆದು ನಡುವೆ ತಾನು ನಿಂತ. ಹೆಲನ್ ಸೆರಗು ಸರಿಮಾಡಿಕೊಂಡಳು. ವಿನ್ಸೆಂಟನ ಕೈಗೆ ಮತ್ತೆ ಆ ತೆನೆ ಕೊಟ್ಟಳು.

ಜೋಸೆಫ್ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಬೆರಳು ಗುಂಡಿಯ ಮೇಲಿಟ್ಟವನು ಒತ್ತಲಿಲ್ಲ. ಮೆಲ್ಲಗೆ ಅದನ್ನು ಕೆಳಗಿಳಿಸಿ ವಿನ್ಸೆಂಟನನ್ನೇ ನೋಡಿದ. ಸಾರಿಗೆ ಉಪ್ಪು ಸಾಕೇ ಎಂದು ದಿನವೂ ಕೇಳುವ ದನಿಯಲ್ಲಿ, ಅವರ ಮನೆಯ ಮಾತಿನಲ್ಲೇ ಕೇಳಿದ:

“ಬರೀ ಲೈಟಾ, ಬ್ವಾನಾ?”