ಗುಣವಾಗಬಲ್ಲವನು

ಎಂಬತ್ತೆರಡು. ಶ್ರೀಲಕ್ಷ್ಮಿ ಪರದೆಯ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಪೆನ್ನು ಮಾತ್ರ ಫಾರ್ಮಿಗೆ ಇಳಿಯಲಿಲ್ಲ.

ಠಾಣೆ ನಗರದ ಆ ಚಿಕಿತ್ಸಾಲಯದಲ್ಲಿ ಖಿನ್ನತೆಯವರ ತಲೆಗೆ ಅಯಸ್ಕಾಂತದ ಸುರುಳಿ ಇಟ್ಟು ಮಿದುಳನ್ನು ತಟ್ಟಿ ಎಬ್ಬಿಸುತ್ತಿದ್ದರು. ಯಾರಿಗೆ ಅದು ಹಿಡಿಯುತ್ತದೆ, ಯಾರಿಗೆ ಇಲ್ಲ ಎಂದು ಮಿದುಳಿನ ಅಲೆಗಳನ್ನು ಅಳೆದು ಕಂಪ್ಯೂಟರು ನೂರಕ್ಕೆ ಇಷ್ಟೆಂದು ಮೊದಲೇ ಹೇಳುತ್ತಿತ್ತು. ಅರವತ್ತಕ್ಕಿಂತ ಕೆಳಗಿದ್ದರೆ ವಾಪಸು ಮನೆಗೆ. ಅಂಕಿಯನ್ನು ಫಾರ್ಮಿಗೆ ಇಳಿಸುವವಳು ಶ್ರೀಲಕ್ಷ್ಮಿ. ಡಾಕ್ಟರು ನೋಡುವುದು ಫಾರ್ಮನ್ನಷ್ಟೇ.

ಕುರ್ಚಿಯಲ್ಲಿದ್ದವನು ಡೊಂಬಿವಲಿಯ ಹೋಟೆಲಿನ ತಾರಾನಾಥ.

ಒಂಬತ್ತು ವರ್ಷದ ಹಿಂದೆ ಅಲ್ಲಿನ ಭಜನಾ ಮಂದಿರದಲ್ಲಿ ದೇವರ ಬೆಳ್ಳಿ ಕಿರೀಟ ಕಾಣೆಯಾಗಿತ್ತು. ಅಧ್ಯಕ್ಷನಾಗಿದ್ದ ಇವನು ಉರಿಯುವ ದೀಪ ಮುಟ್ಟಿ ಆಣೆ ಹಾಕಿದ: "ಸುಜನ್ ಕದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ." ದೀಪ ಮುಟ್ಟಿದ ಮೇಲೆ ಸಾಕ್ಷಿ ಕೇಳುವವರುಂಟೇ? ಮೂರನೇ ದಿನ ಸುಜನ್ ವಿಠ್ಠಲವಾಡಿಯ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಿದ. ಮುಂದಿನ ತಿಂಗಳು ಕಿರೀಟವೂ ಸಿಕ್ಕಿತು, ಮಂದಿರದ್ದೇ ಹಳೆಯ ಪರದೆಗಳ ಗಂಟಿನಲ್ಲಿ. ಆಣೆಯನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದು ಹೆಂಗಸರ ಸಾಲಿನಲ್ಲಿ ಕೂತಿದ್ದ ಸುಜನನ ಅಕ್ಕ ಶ್ರೀಲಕ್ಷ್ಮಿಯ ಮುಖವನ್ನು ತಾರಾನಾಥ ನೋಡಿರಲೂ ಇಲ್ಲ.

ಎಂಬತ್ತೆರಡನ್ನು ಮೂವತ್ತೆರಡು ಮಾಡಿದರೆ ಸಾಕು. ಇವನು ಹೀಗೆಯೇ ಕೊಳೆಯುತ್ತಾನೆ.

"ಇವರಿಗೆ ಯಾವುದೂ ತಾಗುವುದೇ ಇಲ್ಲ ಮಾರಾಯ್ತಿ," ಎಂದಳು ಅವನ ಹೆಂಡತಿ ಪ್ರಿಯಂವದಾ. "ತಾಯಿ ಹೋದಾಗಲೂ ಕಣ್ಣು ಒದ್ದೆಯಾಗಲಿಲ್ಲ. ಬೈದು ಬೈದು ನನಗೇ ಸುಸ್ತು. ಇವರು ಗೋಡೆ ನೋಡಿಕೊಂಡು ಕೂತಿರ್ತಾರೆ."

"ಹಳೆಯದು ಏನಾದರೂ ನೆನೆಸಿ ಕೊರಗ್ತಾರಾ?"

"ಕೊರಗಿದ್ದರಾದರೂ ಆಗುತ್ತಿತ್ತಲ್ಲ. ಯಾವ ನೆನಪೂ ನೋಯುವುದಿಲ್ಲವಂತೆ."

ಶ್ರೀಲಕ್ಷ್ಮಿ ಒತ್ತಿ ಬರೆದಳು: ಎಂಬತ್ತೆರಡು.

ಆರು ವಾರ, ವಾರಕ್ಕೆ ಐದು ದಿನ. ಅವನ ಎಡ ಹಣೆಯ ಮೇಲೆ ಸುರುಳಿಯನ್ನು ಅವಳೇ ಇಡುತ್ತಿದ್ದಳು, ಕೂದಲೆಳೆಯಷ್ಟೂ ತಪ್ಪದಂತೆ.

"ಊರಿನವರೆಂದು ಇಷ್ಟು ಕಾಳಜಿಯೋ?" ಎಂದರು ಡಾಕ್ಟರು.

"ಪೂರ್ತಿ ಗುಣವಾಗಬೇಕು ಡಾಕ್ಟರ್. ಅರ್ಧಂಬರ್ಧ ಬೇಡ."

ಮೂರನೇ ವಾರ ಅವನು ಚಾಕ್ಕೆ ಸಕ್ಕರೆ ಸಾಲದೆಂದು ಗೊಣಗಿದ. ಐದನೇ ವಾರ ಮೊಮ್ಮಗಳ ತುಂಟತನ ಹೇಳಿ ನಕ್ಕ. ಪ್ರಿಯಂವದಾ ಟಿಟ್ವಾಳಾದ ಗಣಪತಿಯ ಪ್ರಸಾದ ತಂದು ಶ್ರೀಲಕ್ಷ್ಮಿಯ ಕೈಗಿಟ್ಟಳು. "ನಿನ್ನನ್ನು ಹೆತ್ತವರು ಪುಣ್ಯವಂತರು."

ಕೊನೆಯ ದಿನ ಪ್ರಶ್ನಾವಳಿ. ಹೆಂಡತಿ ಹೊರಗೆ ಕೂತಿದ್ದಳು.

"ಸುಖ, ದುಃಖ ಎರಡೂ ಮೊದಲಿನ ಹಾಗೆ ತಾಗುತ್ತವೆಯೇ?"

"ತಾಗುತ್ತವಮ್ಮ. ನಿನ್ನೆ ಅಮ್ಮನ ಫೋಟೋ ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ಎದೆ ಹರಿದ ಹಾಗಾಯಿತು."

ಶ್ರೀಲಕ್ಷ್ಮಿ 'ಹೌದು' ಎಂಬಲ್ಲಿ ಗುರುತು ಹಾಕಿದಳು. ಎದ್ದು ಹೋಗಿ ಬಾಗಿಲು ಮುಚ್ಚಿದಳು. ಬಂದು ಅವನ ಎದುರಿಗೇ ಕುಳಿತಳು.

"ಈಗ ಕೇಳಿ ತಾರಾನಾಥರೇ. ನಾನು ಸುಜನನ ಅಕ್ಕ."