ಇಪ್ಪತ್ಮೂರನೆಯ ಮನೆ

"ಚಿಕ್ಕೀ, ನಿನ್ನೆ ಎರಡು ಗಂಟೆ ಹೊತ್ತು ಕರೆಂಟ್ ಹೋಗಿತ್ತಲ್ಲ, ನಮ್ಮೋರೆಲ್ಲ ಹುಷಾರಾಗಿದಾರೆ ತಾನೆ?"

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ದೊಡ್ಡಕ್ಕ ಫೋನಿನಲ್ಲಿ ಹೀಗೆ ಕೇಳಿದಾಗ ಚಿಕ್ಕಿಗೆ ತಲೆಬುಡ ತಿಳಿಯಲಿಲ್ಲ. ಉಸಿರಾಟದ ಮಶೀನುಗಳನ್ನು ಮನೆಗಳಿಗೆ ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಚಿಕ್ಕಿಯ ಕೆಲಸ. ಹದಿನಾಲ್ಕು ವರ್ಷ ಅಲ್ಲಿ ಗ್ರಾಹಕರ ದಾಖಲೆ ನೋಡಿಕೊಂಡಿದ್ದ ದೊಡ್ಡಕ್ಕ ನಿವೃತ್ತಳಾಗಿ ತಿಂಗಳಾಗಿತ್ತು. ಆ ಕುರ್ಚಿ ಈಗ ಚಿಕ್ಕಿಯದು.

"ಯಾವ ನಮ್ಮೋರು ದೊಡ್ಡಕ್ಕಾ?"

"ಅದೇ ಕಣೇ, ಕರೆಂಟ್ ಹೋದ್ರೆ ಆಕ್ಸಿಜನ್ ಸಿಲಿಂಡರಿಗೆ ಬದಲಾಯಿಸ್ಕೊಳ್ಳೋಕೆ ಆಗ್ದೇ ಇರೋರು. ಹೇಗಿದೀರಿ ಅಂತ ವಿಚಾರಿಸೋಕೆ ದಿನಾ ಒಂಬತ್ತಕ್ಕೆ ಫೋನ್ ಡೆಸ್ಕಿಗೆ ಪಟ್ಟಿ ಬರತ್ತಲ್ಲ? 'ತಾತ್ಕಾಲಿಕ' ಅಂತ ಹೆಸರಿಟ್ಟಿದ್ದೆ. ಹದಿನಾಲ್ಕು ವರ್ಷದಲ್ಲಿ ಬೇರೆ ಹೆಸರಿಡೋಕೆ ಪುರುಸೊತ್ತೇ ಆಗ್ಲಿಲ್ಲ ನೋಡು," ಎಂದು ದೊಡ್ಡಕ್ಕ ನಕ್ಕಳು.

ಹಿಂದಿನ ವಾರವಿಡೀ ಚಿಕ್ಕಿ ಮಾಡಿದ್ದು ಒಂದೇ ಕೆಲಸ. ಹೊಸ ಸಾಫ್ಟ್‌ವೇರಿಗೆ ಹೋಗುವ ಮುಂಚೆ ಹಳೆಯದರಲ್ಲಿ ಕಚೇರಿಯವರೇ ಮಾಡಿಕೊಂಡ ಪಟ್ಟಿಗಳು ಯಾವುವು ಎಂದು ಗುರುತು ಹಿಡಿಯುವುದು. "ಹೆಸರಿನ ಕೊನೇಲಿ ಗೆರೆ ಎಳೆದು ಒಂದಕ್ಷರ ಬಾಲ ಅಂಟಿದ್ರೆ ಅದು ನಿಮ್ಮೋರು ಮಾಡ್ಕೊಂಡಿದ್ದು," ಎಂದು ಸಾಫ್ಟ್‌ವೇರಿನವನು ಹೇಳಿಕೊಟ್ಟಿದ್ದ. "ಬಾಲ ಇಲ್ದಿರೋದು ತಾನಾಗೇ ಹೊಸದಕ್ಕೆ ಬರತ್ತೆ. ಬಾಲ ಇರೋದಕ್ಕೆ ಬೇಕೋ ಬೇಡ್ವೋ ನೀವೇ ಹೇಳ್ಬೇಕು." ಅರವತ್ತೊಂದು ಬಾಲಗಳು ಸಿಕ್ಕಿದ್ದವು. ಮುಕ್ಕಾಲು ಪಾಲು ಯಾವ ಕಾಲದ್ದೋ ಕಸ. 'ತಾತ್ಕಾಲಿಕ' ಎಂಬುದನ್ನು ಅವಳು ತೆರೆದೂ ನೋಡದೆ ಬೇಡ ಎಂದು ಗುರುತು ಹಾಕಿದ್ದಳು. ಭಾನುವಾರ ಹಳೆಯದನ್ನೆಲ್ಲ ಒರೆಸಿ ಹಾಕಿದ್ದೂ ಆಗಿತ್ತು.

"ದೊಡ್ಡಕ್ಕಾ... ನಾನು ಅದನ್ನ ಅಳಿಸ್ಬಿಟ್ಟೆ. ಮೂರು ದಿನದಿಂದ ಯಾರೂ ಫೋನ್ ಮಾಡಿಲ್ಲ."

"ಅಳ್ಬೇಡ. ಪೆನ್ನು ತಗೋ."

ಅಳಿಸಿದ್ದರ ವರದಿಯಲ್ಲಿ ಉಳಿದಿದ್ದದ್ದು ಒಂದೇ ಸಾಲು: ತಾತ್ಕಾಲಿಕ, ಇಪ್ಪತ್ಮೂರು ದಾಖಲೆ. ಹೆಸರಿಲ್ಲ, ನಂಬರಿಲ್ಲ. ಫೋನ್ ಡೆಸ್ಕಿನಲ್ಲಿ ಪಾಳಿಗೊಬ್ಬರು, ಪಟ್ಟಿ ಬಂದರೆ ಡಯಲ್ ಮಾಡುವುದಷ್ಟೇ ಅವರಿಗೆ ಗೊತ್ತು. ಎರಡು ಸಾವಿರ ಚಿಲ್ಲರೆ ಗ್ರಾಹಕರಲ್ಲಿ ಆ ಇಪ್ಪತ್ಮೂರು ಮಂದಿ ಯಾರೆಂಬುದು ಇನ್ನು ದೊಡ್ಡಕ್ಕನ ತಲೆಯಲ್ಲಷ್ಟೇ ಇತ್ತು. ಅವಳು ಹೇಳುತ್ತಾ ಹೋದಳು: ಪಾರ್ಶ್ವವಾಯು ಬಡಿದ ಡ್ರಾಯಿಂಗ್ ಮೇಷ್ಟ್ರು, ಎರಡು ನಾಯಿ ಸಾಕಿಕೊಂಡ ಅಜ್ಜಿ, ಕಣ್ಣು ಕಾಣದ ಟೈಲರಮ್ಮ. ಚಿಕ್ಕಿ ಬರೆದಳು, ಹುಡುಕಿದಳು, ಡಯಲ್ ಮಾಡಿದಳು. 'ಹಲೋ' ಎಂದೊಡನೆ ಒಂದು ಗೀಟು. ಟೈಲರಮ್ಮನ ತುಟಿ ನಿನ್ನೆ ನೀಲಿಗಟ್ಟಿತ್ತಂತೆ. ಪಕ್ಕದ ಮನೆಯವರು ಓಡಿಬಂದು ಉಳಿಸಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಗೀಟು.

"ಇನ್ನೊಂದು, ದೊಡ್ಡಕ್ಕಾ?"

"ಇನ್ನೊಂದು... ಇರು... ಅಯ್ಯೋ, ಹೊಳೀತಾನೇ ಇಲ್ವಲ್ಲೇ!"

ಅರ್ಧ ಗಂಟೆ ಬಿಟ್ಟು ಅವಳೇ ಮತ್ತೆ ಫೋನ್ ಮಾಡಿದಳು. "ನಾಲ್ಕನೇ ಮಹಡಿ, ಲಿಫ್ಟಿಲ್ಲ! ವಾಚ್ ರಿಪೇರಿಯವರು. ಹೆಂಡ್ತಿ ಹಾಸಿಗೆ ಹಿಡಿದಿದಾರೆ. ಇವರಿಗೋ ಕೈ ನಡುಕ, ಸಿಲಿಂಡರಿನ ತಿರುಪು ತಿರುಗಿಸೋಕಾಗಲ್ಲ. ಹೋಗೇ, ಬೇಗ ಹೋಗು!"

ಏಳು ಸಲ ಡಯಲ್ ಮಾಡಿದರೂ ಆ ಮನೆಯಲ್ಲಿ ಫೋನ್ ಎತ್ತಲಿಲ್ಲ. ಚಿಕ್ಕಿ ಸಿಕ್ಕಿದ ಗಾಡಿ ಹತ್ತಿ ಹೊರಟಳು. ಒಂದೊಂದು ಮೆಟ್ಟಿಲಿಗೂ ಅವಳ ಕಣ್ಣಿಗೆ ನೀಲಿ ತುಟಿಯೇ ಕಟ್ಟುತ್ತಿತ್ತು. ಬಾಗಿಲ ಮುಂದೆ ನಿಂತು ಕಿವಿಗೊಟ್ಟರೆ, ಒಳಗೆ ಮಶೀನು ಗುರ್ರೆನ್ನುತ್ತಿದೆ! ಹೋದ ಜೀವ ಬಂದಂತಾಯಿತು. ಬಡಿದಳು. ಮುದುಕರು ಗೇಣಗಲ ಬಾಗಿಲು ತೆರೆದು, ಅವಳ ಅಂಗಿಯ ಮೇಲಿದ್ದ ಕಂಪನಿಯ ಹೆಸರು ನೋಡಿ ಬಿಳಿಚಿಕೊಂಡರು.

"ಅಜ್ಜಾ, ಅಜ್ಜಿ ಹೇಗಿದಾರೆ?"

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಕೋಣೆಯಲ್ಲಿ ಮಶೀನು ನಡೆಯುತ್ತಿತ್ತು. ಅದರ ನಳಿಗೆ ದಿಂಬಿನವರೆಗೂ ಹೋಗಿತ್ತು. ದಿಂಬಿನ ಮೇಲೆ ತಲೆಯಿರಲಿಲ್ಲ. ಒಂದು ಸುಕ್ಕೂ ಇಲ್ಲದಂತೆ ಹೊದಿಕೆ ಹಾಸಿತ್ತು.

"ನಿನ್ನೆ ಕರೆಂಟ್ ಹೋದಾಗಲೇನಾ?" ಎಂದು ಚಿಕ್ಕಿ ಕೇಳಿದಳು.

"ಅವಳು ಹೋಗಿ ಎಂಟು ತಿಂಗಳಾಯ್ತಮ್ಮ."

"ಮತ್ತೆ... ದಿನಾ ಬೆಳಿಗ್ಗೆ ಫೋನಲ್ಲಿ?"

"ಹೇಗಿದಾರೆ ಅಂತ ಕೇಳ್ತಿದ್ರಿ. ಚೆನ್ನಾಗಿದಾಳೆ ಅಂತಿದ್ದೆ. ಇಲ್ಲ ಅಂದಿದ್ರೆ ಮಾರನೇ ದಿನದಿಂದ ಕೇಳೋರು ಯಾರು?" ಮುದುಕರು ನಡುಗುವ ಕೈಗಳನ್ನು ಒಂದರೊಳಗೊಂದು ಬಿಗಿಹಿಡಿದುಕೊಂಡರು. "ಸೋಮವಾರದಿಂದ ಫೋನೇ ಬರ್ಲಿಲ್ಲ. ನಿಮಗೆ ಗೊತ್ತಾಗೋಯ್ತು ಅನ್ಕೊಂಡೆ. ಇವತ್ತು ಹೊತ್ತಲ್ಲದ ಹೊತ್ತಲ್ಲಿ ಬಡ್ಕೊಳ್ತಾ ಇತ್ತು, ಭಯ ಆಗಿ ಎತ್ತಲಿಲ್ಲ."

ಚಿಕ್ಕಿ ಮಶೀನಿನ ಕಡೆ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ.

"ಆಫ್ ಮಾಡ್ಬೇಕಾ? ಮಾಡಮ್ಮಾ, ಪರವಾಗಿಲ್ಲ," ಎಂದರು ಮುದುಕರು.

ಹಾಗೆಂದವರು ಸ್ವಿಚ್ಚಿಗೆ ಅಡ್ಡವಾಗಿ ನಿಂತಿದ್ದರು.